ದೇಶಾಂತರದಿಂದ ಬಂದ ರೂಟರಿಗೆ ಈ ದೇಶದ ನಿಯಮ

ಪರದೇಶದಲ್ಲಿ ಹಲವು ವರ್ಷ ದುಡಿದು ಮೈಸೂರಿಗೋ ಬೆಂಗಳೂರಿಗೋ ಮರಳುವ ನಮ್ಮವರು ಸಾಮಾನು ಕಟ್ಟುವಾಗ ಅಲ್ಲಿಯ ಮಿಕ್ಸರನ್ನೂ ಇಸ್ತ್ರಿಪೆಟ್ಟಿಗೆಯನ್ನೂ ನೆರೆಯವರಿಗೆ ಕೊಟ್ಟು ಬರುವುದುಂಟು. ಅಮೆರಿಕದ 120 ವೋಲ್ಟಿಗೆ ಹೊಂದಿಸಿದ ಯಂತ್ರ ನಮ್ಮ 230 ವೋಲ್ಟಿನ ಮುಂದೆ ಬಹಳ ಹೊತ್ತು ನಿಲ್ಲಲಾರದೆಂಬುದು ಈಗ ಎಲ್ಲರಿಗೂ ತಿಳಿದ ಸಂಗತಿ. ವೈಫೈ ರೂಟರಿನ ವಿಷಯದಲ್ಲಿ ಮಾತ್ರ ಈ ವಿವೇಚನೆ ನಡೆಯುವುದಿಲ್ಲ. ಬೆಲೆಯಲ್ಲಿ ದೊಡ್ಡದು, ತೂಕದಲ್ಲಿ ಹಗುರವಾದದ್ದು, ಇನ್ನೂ ನಾಲ್ಕಾರು ವರ್ಷ ಬಾಳತಕ್ಕದ್ದು ಎಂಬ ಕಾರಣಗಳ ಜೊತೆಗೆ, ಅದರ ಅಡಾಪ್ಟರಿನ ಬೆನ್ನ ಮೇಲೆ ಸಣ್ಣ ಅಕ್ಷರಗಳಲ್ಲಿ ‘100–240 ವೋಲ್ಟ್, 50/60 ಹರ್ಟ್ಸ್’ ಎಂದು ಅಚ್ಚಾಗಿರುವುದನ್ನು ಓದಿ, ಭೂಮಂಡಲದ ಯಾವ ಮೂಲೆಯಲ್ಲಾದರೂ ಇದು ನಡೆಯುವುದೆಂದು ನಿಶ್ಚಯಿಸಿ, ಅದನ್ನು ಬಟ್ಟೆಗಳ ನಡುವೆ ಜೋಪಾನವಾಗಿ ಇಟ್ಟು ತರುತ್ತಾರೆ. ವಿದ್ಯುತ್ತಿನ ಮಟ್ಟಿಗೆ ಅವರ ನಿಶ್ಚಯ ಸರಿಯಾದದ್ದೇ. ಆದರೆ ರೂಟರು ಕೇವಲ ವಿದ್ಯುದ್ಯಂತ್ರವಲ್ಲ, ಅದೊಂದು ಪ್ರಸಾರಕೇಂದ್ರ. ಪ್ರಸಾರ ಮಾಡುವ ಪ್ರತಿಯೊಂದು ಯಂತ್ರವೂ ತಾನಿರುವ ದೇಶದ ಕಟ್ಟಳೆಗೆ ಒಳಪಡತಕ್ಕದ್ದಾಗಿರುವಾಗ, ಈ ಪೆಟ್ಟಿಗೆ ಯಾವ ದೇಶದ ಕಟ್ಟಳೆಯನ್ನು ತನ್ನೊಳಗೆ ಹೊತ್ತು ಬಂದಿದೆ ಎಂಬ ಪ್ರಶ್ನೆಯನ್ನು ತಂದವರೂ ಕೇಳುವುದಿಲ್ಲ, ಮಾರಿದವರೂ ಹೇಳುವುದಿಲ್ಲ.

ಹೊರಗಿನ ಜೋಡಣೆಯ ತೊಡಕುಗಳನ್ನು ಮೊದಲು ಹೇಳಿ ಮುಗಿಸುತ್ತೇನೆ. ಎರಡು ಚಪ್ಪಟೆ ಕಡ್ಡಿಗಳ ಅಮೆರಿಕದ ಪ್ಲಗ್ಗನ್ನು ನಮ್ಮ ದುಂಡು ರಂಧ್ರಗಳ ಸಾಕೆಟ್ಟಿಗೆ ಕೂಡಿಸುವ ಸಾಧನ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಿಯೂ ದೊರೆಯುತ್ತದೆ. ತಂತಿಯ ವಿಷಯದಲ್ಲಿ ಸ್ವಲ್ಪ ಯೋಚನೆ ಬೇಕು: ಅಮೆರಿಕದ ಕೇಬಲ್ ಕಂಪನಿಗಳು ಬಾಡಿಗೆಗೆ ಕೊಡುವ ಪೆಟ್ಟಿಗೆಗಳಲ್ಲಿ ಮೋಡೆಮ್ ಮತ್ತು ರೂಟರು ಒಂದೇ ಒಡಲಿನಲ್ಲಿದ್ದು, ಟಿ.ವಿ. ಕೇಬಲಿನ ದಪ್ಪ ತಂತಿಯನ್ನು ತಿರುಪಿ ಕೂಡಿಸುವುದಕ್ಕಷ್ಟೇ ಅವು ತಕ್ಕವಾಗಿರುತ್ತವೆ. ಜರ್ಮನಿಯ ದೂರವಾಣಿ ತಂತಿಗೆಂದು ಮಾಡಿದ ಡಿಎಸ್‌ಎಲ್ ಪೆಟ್ಟಿಗೆಗಳಲ್ಲಿ ಹಲವು ಆ ದೇಶದ ಪದ್ಧತಿಗೇ ಹೊಂದಿಕೊಂಡಿದ್ದು ಬೇರೆ ದೇಶಗಳ ತಂತಿಯನ್ನು ಅರಿಯವು. ನಮ್ಮ ನಗರಗಳ ಮನೆಗಳಿಗೆ ಈಗ ಹೆಚ್ಚಾಗಿ ಬರುತ್ತಿರುವುದು ಫೈಬರ್. ಆ ಸಪೂರ ತಂತಿ ಹಸಿರು ತಲೆಯ ಚಿಕ್ಕದೊಂದು ಕೊಂಡಿಯ ಮೂಲಕ ಗೋಡೆಯ ಮೇಲಿನ ಓಎನ್‌ಟಿ ಪೆಟ್ಟಿಗೆಯನ್ನು ಸೇರುತ್ತದೆ. ಅಲ್ಲಿಂದ ಲ್ಯಾನ್ ಕೇಬಲ್ಲೊಂದನ್ನು ಎಳೆದು, ವಿದೇಶದ ರೂಟರಿನ ಹಿಂಬದಿಯಲ್ಲಿ ಬೇರೆ ಬಣ್ಣದಲ್ಲಿ ಪ್ರತ್ಯೇಕವಾಗಿರುವ ಇಂಟರ್‌ನೆಟ್ ರಂಧ್ರಕ್ಕೆ ಕೂಡಿಸಿ, ಸಂಪರ್ಕ ಕೊಟ್ಟವರಿಂದ ಯೂಸರ್‌ನೇಮ್ ಪಾಸ್‌ವರ್ಡ್‌ಗಳನ್ನು ಪಡೆದು ಬರೆದರೆ ಬಹುಪಾಲು ಕೆಲಸ ಆದಂತೆಯೇ.

ಇಷ್ಟೆಲ್ಲ ಕೂಡಿಬಂದ ಮೇಲೂ ಉಳಿಯುವ ಗಡಿ ಆಕಾಶದಲ್ಲಿದೆ. ರೇಡಿಯೋ ತರಂಗಗಳನ್ನು ಹೊರಡಿಸುವ ಅಧಿಕಾರವನ್ನು ಪ್ರತಿಯೊಂದು ಸರ್ಕಾರವೂ ತನ್ನ ಕೈಯಲ್ಲಿಯೇ ಇಟ್ಟುಕೊಂಡಿದೆ. ನಮ್ಮಲ್ಲಿ 1885ರ ಟೆಲಿಗ್ರಾಫ್ ಅಧಿನಿಯಮ ಮತ್ತು 1933ರ ವೈರ್‌ಲೆಸ್ ಟೆಲಿಗ್ರಫಿ ಅಧಿನಿಯಮಗಳ ಕಾಲದಿಂದಲೂ ಲೈಸೆನ್ಸು ಇಲ್ಲದೆ ಪ್ರಸಾರಯಂತ್ರವನ್ನು ಇಟ್ಟುಕೊಳ್ಳುವುದು ನಿಷಿದ್ಧವೆಂಬುದೇ ಮೂಲನಿಯಮ. ವೈಫೈ ಎಂಬುದು ಆ ನಿಯಮದ ನಡುವೆ ಬಿಟ್ಟುಕೊಟ್ಟ ಸಣ್ಣದೊಂದು ಅವಕಾಶದಲ್ಲಿ ಹುಟ್ಟಿ ಬೆಳೆದದ್ದು. ಅಮೆರಿಕದ ಸಂವಹನ ಆಯೋಗವಾದ ಎಫ್‌ಸಿಸಿ 1985ರಲ್ಲಿ, ಕಾರ್ಖಾನೆಗಳೂ ಮೈಕ್ರೋವೇವ್ ಒಲೆಗಳೂ ಬಳಸುತ್ತಿದ್ದ ಕೆಲವು ತರಂಗಪಟ್ಟಿಗಳಲ್ಲಿ ಲೈಸೆನ್ಸಿಲ್ಲದೆ ಸಂವಹನ ನಡೆಸಲು ಅನುಮತಿ ಕೊಟ್ಟಿತು. ಆ ಅನುಮತಿಯ ಬುನಾದಿಯ ಮೇಲೆ 1997ರಲ್ಲಿ ಈಗಿನ ವೈಫೈಯ ಮೊದಲ ಮಾನಕ ಸಿದ್ಧವಾಯಿತು. ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸಿನಿಂದ ಪೂರ್ಣವಾಗಿ ಬಿಡುಗಡೆ ಮಾಡಿದ್ದು 2005ರ ಜನವರಿಯಲ್ಲಿ. 5 ಗಿಗಾಹರ್ಟ್ಸ್ ಪಟ್ಟಿಯನ್ನು ಮೊದಲು ಭಾಗಶಃ ಬಿಟ್ಟುಕೊಟ್ಟು, 2018ರ ಅಕ್ಟೋಬರಿನಲ್ಲಿ ಅದನ್ನು ವಿಸ್ತಾರಗೊಳಿಸಿತು. ಹೀಗೆ ಪ್ರತಿಯೊಂದು ದೇಶವೂ ತನ್ನ ವಿಮಾನ, ಸೇನೆ, ಹವಾಮಾನ, ಉಪಗ್ರಹಗಳ ಅಗತ್ಯಗಳನ್ನು ನೋಡಿಕೊಂಡು, ತನಗೆ ಅನುಕೂಲವಾದ ಕಾಲದಲ್ಲಿ, ಅನುಕೂಲವಾದಷ್ಟು ಅಗಲಕ್ಕೆ ಬಾಗಿಲನ್ನು ತೆರೆದುದರಿಂದ, ಒಂದು ದೇಶದಲ್ಲಿ ನ್ಯಾಯವಾದ ಪ್ರಸಾರ ಇನ್ನೊಂದರಲ್ಲಿ ಅತಿಕ್ರಮಣವಾಗುವ ಸಂದರ್ಭ ಒದಗಿತು.

ಇದು ಕೇವಲ ಕಾಗದದ ಮೇಲಿನ ಭೇದವೆಂದು ಭಾವಿಸುವವರಿಗೆ ಒಂದು ಉದಾಹರಣೆ ಕೊಡಬಹುದು. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಚಾನೆಲುಗಳಾಗಿ ವಿಂಗಡಿಸಿರುವುದಷ್ಟೆ. ಅಮೆರಿಕದಲ್ಲಿ ವಾಡಿಕೆಯಾಗಿ ಬಳಕೆಯಲ್ಲಿರುವುದು 1ರಿಂದ 11ರವರೆಗೆ, ಯೂರೋಪಿನಲ್ಲಿಯೂ ಭಾರತದಲ್ಲಿಯೂ 13ರವರೆಗೆ, ಜಪಾನಿನಲ್ಲಿ ಹಳೆಯ ಮಾನಕದ ಯಂತ್ರಗಳಿಗೆ ಮಾತ್ರ ಪ್ರತ್ಯೇಕವಾಗಿ 14ನೆಯದೂ ಉಂಟು. ಅಮೆರಿಕದಲ್ಲಿ ಮೇಲಿನ ಚಾನೆಲುಗಳನ್ನು ಬಿಟ್ಟುಬಿಡುವುದಕ್ಕೆ, ಪಟ್ಟಿಯ ಎಲ್ಲೆಯಾದ 2483.5 ಮೆಗಾಹರ್ಟ್ಸ್‌ನ ಆಚೆಗೇ ಉಪಗ್ರಹ ದೂರವಾಣಿಯ ಸೇವೆಯೊಂದು ನೆಲೆಸಿರುವುದು ಕಾರಣ. ಇಲ್ಲಿ ಮನೆಯೊಂದರ ರೂಟರು, ಅಕ್ಕಪಕ್ಕದ ಗದ್ದಲದಿಂದ ತಪ್ಪಿಸಿಕೊಳ್ಳಲು ತಾನಾಗಿ 13ನೆಯ ಚಾನೆಲಿಗೆ ಸರಿದುಕೊಂಡಿತೆನ್ನಿ. ರಜೆಗೆ ಬಂದ ಮಗಳು ಅಮೆರಿಕದಲ್ಲಿ ಕೊಂಡ ತನ್ನ ಲ್ಯಾಪ್‌ಟಾಪನ್ನು ತೆರೆದು ವೈಫೈಗಳ ಪಟ್ಟಿಯನ್ನು ಬಿಡಿಸಿದಾಗ, ಎದುರು ಮನೆಯ ಹೆಸರು, ಮೇಲಿನ ಮಹಡಿಯ ಹೆಸರು, ಕೆಳಗಿನ ಕ್ಲಿನಿಕ್ಕಿನ ಹೆಸರು ಎಲ್ಲವೂ ಕಾಣಿಸಿ, ಮೂರಡಿ ದೂರದಲ್ಲಿ ಹಸಿರು ದೀಪ ಮಿನುಗಿಸುತ್ತ ಕುಳಿತಿರುವ ಸ್ವಂತ ಮನೆಯ ರೂಟರಿನ ಹೆಸರು ಮಾತ್ರ ಕಾಣದೆ ಹೋಗಬಹುದು. ಅದೇ ಸೋಫಾದ ಮೇಲೆ ಕುಳಿತ ತಂದೆಯ ಫೋನಿಗೆ ಅದು ನಿಚ್ಚಳವಾಗಿ ಕಾಣುತ್ತಿರುತ್ತದೆ. ಕೆಟ್ಟದ್ದು ರೂಟರೂ ಅಲ್ಲ, ಲ್ಯಾಪ್‌ಟಾಪೂ ಅಲ್ಲ. ಒಂದೊಂದೂ ತನ್ನ ತನ್ನ ದೇಶದ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದೆ.

5 ಗಿಗಾಹರ್ಟ್ಸ್ ಪಟ್ಟಿಗೆ ಬಂದರೆ ವಿಷಯ ಇನ್ನೂ ಗಂಭೀರವಾಗುತ್ತದೆ, ಏಕೆಂದರೆ ಅಲ್ಲಿ ನಮಗಿಂತ ಮೊದಲೇ ನೆಲೆ ಊರಿದವರಿದ್ದಾರೆ. ವಿಮಾನ ನಿಲ್ದಾಣಗಳ ಬಳಿ ಗಾಳಿಯ ಹಠಾತ್ ಪಲ್ಲಟಗಳನ್ನು ಕಂಡು ಎಚ್ಚರಿಸುವುದಕ್ಕಾಗಿ ಅಮೆರಿಕನ್ನರು ಸ್ಥಾಪಿಸಿರುವ ಡಾಪ್ಲರ್ ರೇಡಾರುಗಳು 5600ರಿಂದ 5650 ಮೆಗಾಹರ್ಟ್ಸ್‌ವರೆಗಿನ ಎಡೆಯಲ್ಲಿ ಕೆಲಸ ಮಾಡುತ್ತವೆ. ನಮ್ಮ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರುಗಳಲ್ಲಿಯೂ ಕೆಲವು ಸಿ-ಬ್ಯಾಂಡ್ ಎಂದು ಕರೆಯುವ ಇದೇ ನೆರೆಯಲ್ಲಿವೆ. ಪೋರ್ಟೊರಿಕೋ ದ್ವೀಪದ ಸಾನ್ ಹ್ವಾನ್ ನಗರದಲ್ಲಿ 2009ರ ವೇಳೆಗೆ ಇಂಥದೊಂದು ರೇಡಾರಿಗೆ ಸಮೀಪದ ನಿಸ್ತಂತು ಇಂಟರ್‌ನೆಟ್ ಉಪಕರಣಗಳಿಂದ ಬಾಧೆಯುಂಟಾಗಿ, ಎಫ್‌ಸಿಸಿಯ ಅಧಿಕಾರಿಗಳು ಹೋಗಿ ಮೂಲವನ್ನು ಹುಡುಕಿ ಕ್ರಮ ಕೈಗೊಳ್ಳಬೇಕಾಯಿತು. ಆದುದರಿಂದಲೇ ಈ ಭಾಗದಲ್ಲಿ ಪ್ರಸಾರ ಮಾಡುವ ರೂಟರು ಬಾಯಿ ತೆರೆಯುವುದಕ್ಕೆ ಮುನ್ನ ಕನಿಷ್ಠ ಒಂದು ನಿಮಿಷ ಸುಮ್ಮನಿದ್ದು ರೇಡಾರಿನ ಸದ್ದು ಇದೆಯೇ ಎಂದು ಆಲಿಸಬೇಕೆಂದೂ, ಕೇಳಿಬಂದರೆ ಆ ಚಾನೆಲನ್ನು ಅರ್ಧ ಗಂಟೆ ಮುಟ್ಟಬಾರದೆಂದೂ ನಿಯಮವಾಗಿದೆ. ಯೂರೋಪಿನವರು ಹವಾಮಾನ ರೇಡಾರಿನ ಎಡೆಗೆ ಈ ಆಲಿಸುವ ಕಾಲವನ್ನು ಹತ್ತು ನಿಮಿಷಕ್ಕೆ ಏರಿಸಿದ್ದಾರೆ. ಬೇರೆ ದೇಶದ ಕಟ್ಟಳೆಯನ್ನು ತಲೆಯಲ್ಲಿ ತುಂಬಿಕೊಂಡ ಪೆಟ್ಟಿಗೆ, ಎಲ್ಲಿ ಎಷ್ಟು ಹೊತ್ತು ಆಲಿಸಬೇಕೆಂಬುದನ್ನು ಆ ಬೇರೆ ದೇಶದ ಲೆಕ್ಕದಲ್ಲಿಯೇ ನಿರ್ಣಯಿಸುತ್ತದೆ.

ಜಪಾನಿನ ವೃತ್ತಾಂತ ಇನ್ನೂ ಬೋಧಪ್ರದವಾದದ್ದು. ಭಾರತದಲ್ಲಿಯೂ ಅಮೆರಿಕದಲ್ಲಿಯೂ ಮನೆಯ ರೂಟರುಗಳಿಗೆ ಅತ್ಯಂತ ಪ್ರಿಯವಾದ 149ನೆಯ ಚಾನೆಲು ಮತ್ತು ಅದರ ಮೇಲಿನವು ಆ ದೇಶದಲ್ಲಿ ವೈಫೈಗೆ ಸಲ್ಲವು, ಏಕೆಂದರೆ 5.8 ಗಿಗಾಹರ್ಟ್ಸ್‌ನ ಆ ಭಾಗದಲ್ಲಿ ಹೆದ್ದಾರಿಗಳ ಸುಂಕದ ಕಟ್ಟೆಯೂ ಓಡುವ ಕಾರೂ ಪರಸ್ಪರ ಮಾತನಾಡಿ ಸುಂಕ ಸಲ್ಲಿಸುವ ವ್ಯವಸ್ಥೆ ನಡೆಯುತ್ತಿದೆ. ಟೋಕಿಯೋದಲ್ಲಿ ಉದ್ಯೋಗಕ್ಕೆ ಹೋಗುವ ನಮ್ಮ ಎಂಜಿನಿಯರು ಬೆಂಗಳೂರಿನಲ್ಲಿ ಕೊಂಡ ರೂಟರನ್ನು ಅಲ್ಲಿ ಹಾಗೆಯೇ ಹಚ್ಚಿದರೆ ಅದು ನೇರವಾಗಿ ಆ ಭಾಗಕ್ಕೇ ಹೋಗಿ ಕುಳಿತೀತು. ಜಪಾನೀ ಸರ್ಕಾರ ತನ್ನ ಪರೀಕ್ಷೆಯಲ್ಲಿ ತೇರ್ಗಡೆಯಾದ ಉಪಕರಣಗಳಿಗೆ ‘ಗಿತೆಕಿ’ ಎಂಬ ಮುದ್ರೆಯನ್ನು ಹಾಕಿಸುತ್ತದೆ. ಪ್ರವಾಸಿಗಳು ತಮ್ಮ ಫೋನು ಲ್ಯಾಪ್‌ಟಾಪುಗಳನ್ನು, ಅವು ಅಂತರರಾಷ್ಟ್ರೀಯ ಮಾನಕಕ್ಕೆ ಹೊಂದುವಂಥವಾದರೆ, ದೇಶವನ್ನು ಪ್ರವೇಶಿಸಿದಂದಿನಿಂದ 90 ದಿನ ಮುದ್ರೆಯಿಲ್ಲದೆಯೂ ಬಳಸಬಹುದೆಂದು 2016ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ವಿನಾಯಿತಿ ಸಿಕ್ಕಿತು. ಅತಿಥಿಗೆ ಒಂದು ನಿಯಮ, ಮನೆ ಮಾಡಿ ನಿಂತವನಿಗೆ ಇನ್ನೊಂದು ನಿಯಮ ಎಂಬ ಈ ಏರ್ಪಾಡು ನನಗೆ ಬಹಳ ನ್ಯಾಯವಾಗಿ ತೋರುತ್ತದೆ.

ಒಂದು ಚಿಕ್ಕ ಪೆಟ್ಟಿಗೆಯಿಂದ ಏನಾದೀತು ಎನ್ನುವವರಿದ್ದಾರೆ. ನಮ್ಮ ಹಳ್ಳಿಗಳಲ್ಲಿ ನೀರಗಂಟಿ ಸರದಿಯ ಪ್ರಕಾರ ತೂಬು ತೆಗೆದು ಕೆರೆಯ ನೀರನ್ನು ಹಂಚುತ್ತಿದ್ದ ಕಾಲದಲ್ಲಿ, ತನ್ನ ಗದ್ದೆ ಅರ್ಧ ಎಕರೆಯದೆಂಬ ಕಾರಣಕ್ಕೆ ಯಾರೂ ರಾತ್ರಿ ಹೋಗಿ ಕಾಲುವೆ ಒಡೆಯುವ ಹಕ್ಕನ್ನು ಪಡೆದಿರಲಿಲ್ಲ. ಆಕಾಶದ ಹಂಚಿಕೆಯಲ್ಲಿಯೂ ಒಬ್ಬನ ಅಲ್ಪಪ್ರಮಾಣ ಒಬ್ಬನಲ್ಲಿಯೇ ನಿಲ್ಲುವುದಿಲ್ಲ. ಪ್ರತಿಯೊಂದು ರೂಟರೂ ಸೆಕೆಂಡಿಗೆ ಸುಮಾರು ಹತ್ತು ಸಾರಿ ತನ್ನ ಹೆಸರನ್ನು ಸಾರುತ್ತಿರುತ್ತದೆ. ಆ ಸಾರಿಕೆಯಲ್ಲಿ ಬಹುತೇಕ ರೂಟರುಗಳು ತಾವು ಯಾವ ದೇಶದ ನಿಯಮದಲ್ಲಿವೆ ಎಂಬುದನ್ನೂ ಎರಡು ಅಕ್ಷರಗಳಲ್ಲಿ ಹೇಳುತ್ತವೆ. ಕೆಲವು ಲ್ಯಾಪ್‌ಟಾಪುಗಳು ತಾವೆಲ್ಲಿದ್ದೇವೆಂಬುದನ್ನು ಸುತ್ತಲಿನ ಈ ಸಾರಿಕೆಗಳಿಂದಲೇ ತಿಳಿದು, ಅದಕ್ಕೆ ತಕ್ಕಂತೆ ಚಾನೆಲುಗಳನ್ನು ತೆರೆಯುತ್ತವೆ, ಮುಚ್ಚುತ್ತವೆ. ನೂರು ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಒಂದು ಪೆಟ್ಟಿಗೆ ತಾನು ಅಮೆರಿಕದಲ್ಲಿದ್ದೇನೆಂದು ಹಗಲೂ ರಾತ್ರಿಯೂ ಸಾರುತ್ತಿದ್ದರೆ, ಅದರ ಮಾತನ್ನು ನಂಬಿದ ನೆರೆಮನೆಯ ಲ್ಯಾಪ್‌ಟಾಪಿಗೆ ಇಲ್ಲಿ ನ್ಯಾಯವಾಗಿ ದೊರೆಯಬೇಕಾದ ಚಾನೆಲು ದೊರೆಯದೆ ಹೋಗಬಹುದು. ಆ ಮನೆಯವರು ತಮ್ಮ ಇಂಟರ್‌ನೆಟ್ ಸಂಪರ್ಕ ಕೊಟ್ಟವರನ್ನು ದೂರುತ್ತಾರೆಯೇ ಹೊರತು, ಕಾರಣ ಗೋಡೆಯಾಚೆ ಇದೆಯೆಂದು ಅವರಿಗೆ ಹೊಳೆಯುವ ಸಂಭವವಿಲ್ಲ.

ಹಾಗಾದರೆ ರೂಟರಿನ ಸೆಟ್ಟಿಂಗಿನಲ್ಲಿ ದೇಶದ ಹೆಸರನ್ನು ಬದಲಾಯಿಸಿಬಿಟ್ಟರೆ ಆಯಿತಲ್ಲ ಎಂದು ಓದುಗರು ಕೇಳುವುದು ಸಹಜ. ಇಲ್ಲಿಯೇ ನನ್ನ ಮುಖ್ಯ ಆಕ್ಷೇಪಣೆ ಇರುವುದು. ಯೂರೋಪಿನಲ್ಲಿಯೂ ಏಷ್ಯದಲ್ಲಿಯೂ ಮಾರುವ ಹಲವು ರೂಟರುಗಳಲ್ಲಿ ದೇಶವನ್ನು ಆರಿಸುವ ಅವಕಾಶವಿದೆ; ಅಮೆರಿಕದಲ್ಲಿ ಮಾರುವ ರೂಟರಿನಲ್ಲಿ ಇಲ್ಲ. ಅದಕ್ಕೊಂದು ಹಿನ್ನೆಲೆಯುಂಟು. ತಮ್ಮ ದೇಶದ ಮಿತಿ ಸಾಲದೆಂದು ತೋರಿದ ಜನರು ಸೆಟ್ಟಿಂಗಿನಲ್ಲಿ ಬೇರೆ ಯಾವುದೋ ದೇಶವನ್ನು ಆರಿಸಿ, ಅಲ್ಲಿಯ ಚಾನೆಲುಗಳನ್ನೂ ಅಲ್ಲಿಯ ಶಕ್ತಿಯನ್ನೂ ತಮ್ಮ ಮನೆಯಲ್ಲಿಯೇ ಪಡೆಯುವ ಉಪಾಯವನ್ನು ಕಂಡುಕೊಂಡಿದ್ದರು. ಟಿಪಿ-ಲಿಂಕ್ ಸಂಸ್ಥೆಯ ಕೆಲವು ರೂಟರುಗಳು ಈ ಮಾರ್ಗದಿಂದ ಅಮೆರಿಕದ ಮಿತಿಯನ್ನು ಮೀರಬಲ್ಲವಾಗಿದ್ದವೆಂಬ ಪ್ರಕರಣದಲ್ಲಿ, ಆ ಸಂಸ್ಥೆ 2016ರ ಆಗಸ್ಟ್‌ನಲ್ಲಿ ಎಫ್‌ಸಿಸಿಯೊಡನೆ ರಾಜಿ ಮಾಡಿಕೊಂಡು 2 ಲಕ್ಷ ಡಾಲರು ದಂಡ ತೆರಲು ಒಪ್ಪಿತು. ಅಮೆರಿಕದಲ್ಲಿ ಮಾರುವ ಉಪಕರಣದಲ್ಲಿ ಬಳಕೆದಾರನು ದೇಶವನ್ನು ಬದಲಾಯಿಸಿ ಅಲ್ಲಿಯ ಮಿತಿಯನ್ನು ದಾಟಲು ಸಾಧ್ಯವಾಗಕೂಡದೆಂಬ ಆಯೋಗದ ನಿಲುವಿಗೆ ಅಂಜಿ, ತಯಾರಕರು ಕಾರ್ಖಾನೆಯಲ್ಲಿಯೇ ಬೀಗ ಜಡಿದು ಕಳುಹಿಸುತ್ತಾರೆ.

ಬೀಗದ ಉದ್ದೇಶವನ್ನು ನಾನು ಆಕ್ಷೇಪಿಸುವುದಿಲ್ಲ. ಅದರ ಕುರುಡುತನವನ್ನು ಆಕ್ಷೇಪಿಸುತ್ತೇನೆ. ಅಮೆರಿಕದಲ್ಲಿ ಕುಳಿತು ಪರದೇಶದ ಹೆಸರು ಹೇಳುವವನನ್ನು ತಡೆಯುವ ಬೀಗ, ನಿಜವಾಗಿಯೂ ಪರದೇಶಕ್ಕೆ ಬಂದು ಅಲ್ಲಿಯ ಕಾಯಿದೆಗೆ ತಲೆಬಾಗಲು ಬಯಸುವವನನ್ನೂ ತಡೆಯುತ್ತದೆ. ಹಾಸನದ ಮನೆಯೊಂದರಲ್ಲಿ ಆ ರೂಟರಿನ ಪುಟವನ್ನು ತೆರೆದು, ದೇಶ ಎಂಬ ಸಾಲಿನಲ್ಲಿ ಅಮೆರಿಕ ಎಂಬ ಹೆಸರು ಒತ್ತಲಾಗದಂತೆ ಬೂದುಬಣ್ಣಕ್ಕೆ ತಿರುಗಿರುವುದನ್ನು ಕಾಣುವ ಗೃಹಸ್ಥನಿಗೆ ನ್ಯಾಯವಾದ ದಾರಿ ಯಾವುದು? ಅವನು ದುಡ್ಡು ಕೊಟ್ಟು ಕೊಂಡ ವಸ್ತು. ತಾನೀಗ ವಾಸವಾಗಿರುವ ದೇಶದ ನಿಯಮವನ್ನು ಪಾಲಿಸಬೇಕೆಂಬ ಇಚ್ಛೆಯೂ ಅವನಲ್ಲಿದೆ. ಪಾಲಿಸುವ ಉಪಾಯವನ್ನು ಮಾತ್ರ ತಯಾರಕರು ಅವನಿಗೆ ಉಳಿಸಿಲ್ಲ. ಕಾನೂನನ್ನು ಮುರಿಯದಂತೆ ಮಾಡಿದ ಏರ್ಪಾಡು ಕಾನೂನನ್ನು ಪಾಲಿಸದಂತೆಯೂ ಮಾಡಿದರೆ, ಆ ಏರ್ಪಾಡು ಅಪೂರ್ಣವೆಂದೇ ಹೇಳಬೇಕು.

ಹಾಸನದ ಹೆಸರನ್ನು ಹೇಳಿದ್ದು ಸುಮ್ಮನೆ ಅಲ್ಲ. ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ, ನಮ್ಮ ಇನ್ಸಾಟ್ ಮತ್ತು ಜಿಸ್ಯಾಟ್ ಉಪಗ್ರಹಗಳನ್ನು ಅವುಗಳ ಕಕ್ಷೆಯಲ್ಲಿ ಕಾಪಾಡುವ ಆ ದೊಡ್ಡ ತಟ್ಟೆಗಳ ನೆಲೆ, ಇರುವುದು ಅಲ್ಲಿಯೇ. ಭೂಮಿಯಿಂದ ಉಪಗ್ರಹಕ್ಕೆ ಸಂಕೇತಗಳನ್ನು ಕಳುಹಿಸಲು ಪ್ರಪಂಚದಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಹಾದಿಗಳಲ್ಲಿ 6 ಗಿಗಾಹರ್ಟ್ಸ್‌ನ ಹಾದಿ ಮುಖ್ಯವಾದದ್ದು. ಈ ಪಟ್ಟಿಯಲ್ಲಿ 5925ರಿಂದ 7125 ಮೆಗಾಹರ್ಟ್ಸ್‌ವರೆಗಿನ 1200 ಮೆಗಾಹರ್ಟ್ಸ್ ಅಗಲವನ್ನೂ ಅಮೆರಿಕ 2020ರ ಏಪ್ರಿಲ್‌ನಲ್ಲಿ ವೈಫೈಗೆ ತೆರೆಯಿತು. ಯೂರೋಪಿನ ಒಕ್ಕೂಟ 2021ರಲ್ಲಿ ಅದರ ಕೆಳಗಿನ 480 ಮೆಗಾಹರ್ಟ್ಸನ್ನಷ್ಟೇ ತೆರೆಯಿತು. ಭಾರತ ಸರ್ಕಾರ ಬಹುಕಾಲ ವಿಚಾರಮಾಡಿ, 2025ರ ಮೇ ತಿಂಗಳಲ್ಲಿ ಹೊರಡಿಸಿದ ಕರಡು ನಿಯಮದಲ್ಲಿ 5925ರಿಂದ 6425ರವರೆಗಿನ ಕೆಳಭಾಗವನ್ನು, ಮುಖ್ಯವಾಗಿ ಮನೆಯೊಳಗಿನ ಕಡಿಮೆ ಶಕ್ತಿಯ ಬಳಕೆಗಾಗಿ ಬಿಟ್ಟುಕೊಡುವ ಪ್ರಸ್ತಾಪ ಮಾಡಿತು. ಮೇಲಿನ ಭಾಗ ಆ ಪ್ರಸ್ತಾಪದಲ್ಲಿ ಇರಲಿಲ್ಲ. ಈಚೆಗೆ ಅಮೆರಿಕದಿಂದ ಬರುತ್ತಿರುವ ಹೆಚ್ಚು ಬೆಲೆಯ ರೂಟರುಗಳಲ್ಲಿ ಹಲವು ಈ ಮೂರನೆಯ ಪಟ್ಟಿಯುಳ್ಳವು, ಮತ್ತು ಅವು ಇಡಿಯ 1200 ಮೆಗಾಹರ್ಟ್ಸನ್ನೂ ತಮ್ಮದೆಂದೇ ತಿಳಿದಿರುತ್ತವೆ. ಮನೆಯೊಳಗಿನ ಒಂದು ರೂಟರು ಉಪಗ್ರಹವನ್ನು ಕೆಡಿಸಿಬಿಡುತ್ತದೆಂದು ನಾನು ಹೇಳುತ್ತಿಲ್ಲ, ಅಂಥ ಭೀತಿಗೆ ಕಾರಣವೂ ಇಲ್ಲ; ಆದರೆ ಒಂದು ದೇಶ ತನ್ನ ಅಗತ್ಯಗಳನ್ನು ತೂಗಿ ನೋಡಿ ಹಂಚುವ ಪಟ್ಟಿಯಲ್ಲಿ ಇನ್ನೊಂದು ದೇಶದ ಅನುಮತಿಯನ್ನು ತೋರಿಸಿ ಪ್ರಸಾರ ಮಾಡುವುದು ಯೋಗ್ಯವಲ್ಲ.

ಸರ್ಕಾರಗಳು ಇದನ್ನು ಅತಿಯಾಗಿಯೂ ನಡೆಸಬಲ್ಲವು. ಇಸ್ರೇಲಿನಲ್ಲಿ 2010ರ ಏಪ್ರಿಲ್‌ನಲ್ಲಿ, ಆಗತಾನೆ ಅಮೆರಿಕದಲ್ಲಿ ಬಿಡುಗಡೆಯಾಗಿದ್ದ ಐಪ್ಯಾಡಿನ ವೈಫೈ ತಮ್ಮಲ್ಲಿ ರೂಢಿಯಲ್ಲಿರುವ ಯೂರೋಪಿನ ಮಾನಕಕ್ಕೆ ಹೊಂದುವುದಿಲ್ಲವೆಂದು ಸಂಪರ್ಕ ಸಚಿವಾಲಯ ಅದರ ಆಮದನ್ನೇ ನಿಷೇಧಿಸಿ, ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಕೈಯಿಂದ ಅವನ್ನು ತೆಗೆದಿರಿಸಿಕೊಂಡಿತು. ಅದೇ ತಿಂಗಳಲ್ಲಿ ನಿಷೇಧವನ್ನು ಹಿಂತೆಗೆದುಕೊಂಡಿತು. ಪ್ರಯಾಣಿಕನ ಪೆಟ್ಟಿಗೆ ಬಿಚ್ಚಿ ಯಂತ್ರವನ್ನು ಕಸಿದುಕೊಳ್ಳುವುದರಿಂದ ಯಾವ ಪ್ರಯೋಜನವೂ ಇಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಭಾರತದಲ್ಲಿ ಮಾರಾಟಕ್ಕೆ ತರುವ ವೈಫೈ ಉಪಕರಣಕ್ಕೆ ಸಂಪರ್ಕ ಸಚಿವಾಲಯದ ಡಬ್ಲ್ಯುಪಿಸಿ ವಿಭಾಗದ ಅನುಮೋದನೆ ಬೇಕೆಂಬ ವ್ಯವಸ್ಥೆ ಇದ್ದೇ ಇದೆ. ಆದರೆ ಅದು ವರ್ತಕರನ್ನು ನೋಡಿ ಮಾಡಿದ್ದು. ಮನೆಗೆ ಮರಳುವ ಗೃಹಸ್ಥನಿಗೆ ನೀನು ತಂದ ರೂಟರನ್ನು ಹೀಗೆ ಹೊಂದಿಸಿಕೊ ಎಂದು ಸರಳವಾದ ಕನ್ನಡದಲ್ಲಿ ಹೇಳುವ ಒಂದು ಪುಟವನ್ನು ಯಾವ ಇಲಾಖೆಯೂ ಅಚ್ಚುಮಾಡಿಸಿ ಅವನ ಕೈಗೆ ಕೊಟ್ಟುದನ್ನು ನಾನು ಕಂಡಿಲ್ಲ.

ತಯಾರಕರ ಮುಂದೆ ನಾನಿಡುವ ಬೇಡಿಕೆ ಅಸಾಧ್ಯವಾದದ್ದಲ್ಲ. ನಮ್ಮ ಜೇಬಿನ ಫೋನು ಈ ಕೆಲಸವನ್ನು ಈಗಾಗಲೇ ಮಾಡುತ್ತಿದೆ: ಬೆಂಗಳೂರಿನಿಂದ ಹೊರಟ ವಿಮಾನ ಟೋಕಿಯೋದಲ್ಲಿ ಇಳಿದು, ಫೋನು ಅಲ್ಲಿಯ ಮೊಬೈಲ್ ಗೋಪುರದ ಸಂಕೇತವನ್ನು ಹಿಡಿದೊಡನೆ, ತಾನು ಜಪಾನಿನಲ್ಲಿರುವುದನ್ನು ತಿಳಿದು ವೈಫೈಯ ಮಿತಿಗಳನ್ನು ತಾನಾಗಿಯೇ ಬದಲಾಯಿಸಿಕೊಳ್ಳುತ್ತದೆ. ರೂಟರಿಗೆ ಸಿಮ್ ಇಲ್ಲದಿರಬಹುದು. ಆದರೆ ಅದನ್ನು ಮೊದಲು ಹೊಂದಿಸುವಾಗ ಬಳಸುವ ಆ್ಯಪ್ ಫೋನಿನಲ್ಲಿದೆ, ಫೋನಿಗೆ ತಾನೆಲ್ಲಿದ್ದೇನೆಂಬುದು ತಿಳಿದಿದೆ, ರೂಟರು ಸೇರುವ ಇಂಟರ್‌ನೆಟ್ಟಿನ ವಿಳಾಸವೂ ದೇಶವನ್ನು ಹೇಳುತ್ತದೆ. ಎರಡು ಸಾಕ್ಷಿಗಳೂ ಭಾರತವೆಂದು ಹೇಳಿದಾಗ ಭಾರತದ ನಿಯಮಕ್ಕೆ, ಜರ್ಮನಿಯೆಂದು ಹೇಳಿದಾಗ ಜರ್ಮನಿಯ ನಿಯಮಕ್ಕೆ ಹೊರಳುವಂತೆ ಸಾಫ್ಟ್‌ವೇರು ಬರೆಯುವುದು ಎಂಜಿನಿಯರುಗಳಿಗೆ ಕಷ್ಟವಲ್ಲ. ಅಮೆರಿಕದಲ್ಲಿರುವಾಗ ಬೇರೆ ದೇಶಕ್ಕೆ ಹೊರಳದಂತೆ ನೋಡಿಕೊಂಡರೆ ಎಫ್‌ಸಿಸಿಯ ಆತಂಕಕ್ಕೂ ಎಡೆಯಿಲ್ಲ. ಪ್ರತಿಯೊಂದು ದೇಶದಲ್ಲಿಯೂ ಹೊಸದೊಂದನ್ನು ಮಾರುವ ಲಾಭವನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿಲ್ಲವೆಂದಾದರೆ, ಆ ಒತ್ತಾಯ ನಿಯಂತ್ರಕರಿಂದ ಬರಬೇಕು. ತನಗೆ ಬೇಕಾದ ರೂಟರನ್ನು ಆರಿಸುವ ಹಕ್ಕನ್ನು ಜರ್ಮನಿ 2016ರ ಆಗಸ್ಟ್ 1ರಿಂದ ಕಾಯಿದೆಯ ಮೂಲಕವೇ ತನ್ನ ಪ್ರಜೆಗಳಿಗೆ ಕೊಟ್ಟು, ಸಂಪರ್ಕ ಕೊಡುವ ಕಂಪನಿ ತನ್ನದೇ ಪೆಟ್ಟಿಗೆಯನ್ನು ಹೇರದಂತೆ ಮಾಡಿತು. ಅಷ್ಟು ಮಾಡಬಲ್ಲ ಸರ್ಕಾರಗಳು ಗಡಿ ದಾಟಿದ ರೂಟರಿನ ವಿಷಯದಲ್ಲಿಯೂ ಇಷ್ಟನ್ನು ಮಾಡಬಲ್ಲವು.

ಅಲ್ಲಿಯವರೆಗೆ, ಅಮೆರಿಕದ ಬೀಗ ಬಿದ್ದ ರೂಟರನ್ನು ತಂದವರಿಗೆ ಉಳಿಯುವುದು ಎರಡು ದೇಶಗಳ ನಿಯಮಗಳೂ ಒಪ್ಪುವ ಎಡೆಯಲ್ಲಿ ಅದನ್ನು ನಿಲ್ಲಿಸುವ ಕೆಲಸ. ಚಾನೆಲಿನ ಆಯ್ಕೆಯನ್ನು ‘ಆಟೋ’ ಎಂದು ಬಿಡದೆ, 2.4ರ ಪಟ್ಟಿಯಲ್ಲಿ 1, 6, 11ರಲ್ಲಿ ಒಂದನ್ನು, 5ರ ಪಟ್ಟಿಯಲ್ಲಿ ರೇಡಾರಿನ ಗೊಡವೆಯಿಲ್ಲದ 36ರಿಂದ 48ರವರೆಗಿನ ಒಂದನ್ನು ಕೈಯಾರೆ ಆರಿಸಿ, ಪ್ರಸಾರದ ಶಕ್ತಿಯನ್ನು ಮನೆಗೆ ಬೇಕಾದಷ್ಟಕ್ಕೆ ಇಳಿಸಬೇಕು. ಗೋಡೆ ದಾಟಿ ಬೀದಿಗೆ ಹೋಗುವ ಶಕ್ತಿಯಿಂದ ಮನೆಯವರಿಗೆ ಉಪಯೋಗವಿಲ್ಲ, ನೆರೆಯವರಿಗೆ ಉಪದ್ರವವುಂಟು. 6ರ ಪಟ್ಟಿಯಲ್ಲಿ ನಮ್ಮ ನಿಯಮ ಒಪ್ಪುವ ಭಾಗದೊಳಗೇ ಚಾನೆಲನ್ನು ನಿಲ್ಲಿಸಲು ರೂಟರು ಬಿಡದಿದ್ದರೆ ಆ ಪಟ್ಟಿಯನ್ನೇ ಮುಚ್ಚಿಬಿಡಬೇಕು. ಇದನ್ನು ತಾವೇ ಮಾಡಲಾರದವರು, ಫೈಬರ್ ಜೋಡಿಸಲು ಬರುವ ಹುಡುಗನಿಂದ ಮಾಡಿಸಿಕೊಳ್ಳಬಹುದು. ಅವನಿಗೆ ಇದನ್ನು ಕಲಿಸುವ ಹೊಣೆ ಅವನನ್ನು ಕಳುಹಿಸಿದ ಸಂಸ್ಥೆಯದು. ಇಷ್ಟಕ್ಕೂ ಒಗ್ಗದ ರೂಟರಾದರೆ, ಅದರ ವೈಫೈಯನ್ನು ಪೂರ್ಣವಾಗಿ ನಿಲ್ಲಿಸಿ, ಹಿಂಬದಿಯ ನಾಲ್ಕು ಲ್ಯಾನ್ ರಂಧ್ರಗಳನ್ನು ಮಾತ್ರ ಟಿ.ವಿ.ಗೂ ಕಂಪ್ಯೂಟರಿಗೂ ತಂತಿ ಎಳೆಯಲು ಉಪಯೋಗಿಸಿ, ನಿಸ್ತಂತುವಿನ ಕೆಲಸಕ್ಕೆ ಇಲ್ಲಿಯ ಅನುಮೋದನೆ ಪಡೆದ ಸಾಧಾರಣ ಬೆಲೆಯ ಪೆಟ್ಟಿಗೆಯೊಂದನ್ನು ಅದಕ್ಕೆ ಜೋಡಿಸಿಕೊಳ್ಳುವುದು ಲೇಸು.